ಎಸ್ಕಂಬ್‌ನ ಬೀಗದ ಕೈ

ಬೀಗದ ಕೈ ಎದುರು ಮನೆಯ ಗೋಡೆಯ ಕೊಕ್ಕೆಗೆ ನೇತಾಡುತ್ತಿತ್ತು. ಮನೆಯವರನ್ನು ಕೂಗಬೇಕಿಲ್ಲ, ಪುಸ್ತಕದಲ್ಲಿ ಸಹಿ ಹಾಕಬೇಕಿಲ್ಲ, ಟಿಕೆಟ್ ಇಲ್ಲ. ತಗೊಂಡು ಹೋಗಿ ಬಾಗಿಲು ತೆಗೆಯಬೇಕು, ನೋಡಬೇಕು, ಬೀಗ ಹಾಕಿ ತಂದು ಅಲ್ಲೇ ನೇತುಹಾಕಬೇಕು. ನಾನು ಆ ಕೈ ಹಿಡಿದುಕೊಂಡು ಒಂದು ನಿಮಿಷ ಸುಮ್ನೆ ರಸ್ತೆಯಲ್ಲೇ ನಿಂತುಬಿಟ್ಟೆ. ಕಬ್ಬಿಣದ್ದು, ಭಾರ, ಮುಟ್ಟಿದರೆ ತಣ್ಣಗೆ. ಅದು ತೆರೆಯುವುದು ಸುಮಾರು 1350 ವರ್ಷ ಹಳೆಯ ಚರ್ಚನ್ನು. ಇಂಗ್ಲೆಂಡಿನಲ್ಲಿ ಅಷ್ಟು ಹಿಂದಿನ ಕಟ್ಟಡ ಇಡಿಯಾಗಿ ಉಳಿದಿರುವುದು ಬೆರಳೆಣಿಕೆಯಷ್ಟು. ಅಂಥದ್ದರ ಬೀಗದ ಕೈಯನ್ನು ದಾರಿಯಲ್ಲಿ ಹೋಗುವ ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ಇದಾಗಿ ಕೆಲವು ವರ್ಷಗಳಾದವು. ಆಮೇಲೆ ಇನ್ನೊಂದು ಸಲವೂ ಹೋಗಿಬಂದೆ. ಆದರೂ ಆ ಚರ್ಚು ತಲೆಯಿಂದ ಇಳಿದಿಲ್ಲ. ಅದನ್ನು ಉಳಿಸಿದವರು ಯಾರು ಅಂತ ಹುಡುಕುತ್ತಾ ಹೋದರೆ, ನೂರಾರು ವರ್ಷಗಳ ತನಕ ಒಬ್ಬರ ಹೆಸರೂ ಸಿಗುವುದಿಲ್ಲ. ಉಳಿಸಲೇಬೇಕು ಅಂತ ಯಾರೂ ಹಟ ತೊಟ್ಟಿರಲಿಲ್ಲ. ಅದು ಉಳಿಯಿತು, ಅಷ್ಟೇ. ಈ 'ಅಷ್ಟೇ' ನನ್ನನ್ನು ಕಾಡುತ್ತಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಸ್ಕಂಬ್ ಇರುವುದು ಇಂಗ್ಲೆಂಡಿನ ಈಶಾನ್ಯ ಮೂಲೆಯ ಡರಂ ಕೌಂಟಿಯಲ್ಲಿ, ವಿಯರ್ ನದಿಯ ಪಕ್ಕ. ನಾನು ನ್ಯೂಕಾಸಲ್‌ನಲ್ಲಿ ಕೆಲಸಕ್ಕಿದ್ದಾಗ ಒಂದು ಶನಿವಾರ ಬಸ್ಸು ಹಿಡಿದು ಬಿಷಪ್ ಆಕ್ಲೆಂಡ್‌ಗೆ ಬಂದು, ಅಲ್ಲಿಂದ ನಡೆದೇ ಹೋದೆ. ಹಳೆಯ ಹಳ್ಳಿ ಚರ್ಚು ಅಂದರೆ ಸುತ್ತ ಕುರಿ, ಹುಲ್ಲುಗಾವಲು, ಮಂಜು ಇರುತ್ತದೆ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ 1960ರ ದಶಕದಲ್ಲಿ ಸ್ಥಳೀಯ ಆಡಳಿತ ಕಟ್ಟಿಸಿದ ಕೌನ್ಸಿಲ್ ಮನೆಗಳು ಸುತ್ತಲೂ ಬಳಸಿ ನಿಂತಿವೆ. ತಂತಿಯ ಮೇಲೆ ಒಗೆದ ಬಟ್ಟೆ, ಗಾಲಿಯ ಕಸದ ಡಬ್ಬಿಗಳು, ಯಾರದೋ ವ್ಯಾನು. ಪಕ್ಕದಲ್ಲೇ ಒಂದು ಪಬ್ಬು. ಇಷ್ಟರ ನಡುವೆ ದುಂಡನೆಯ ಹುಲ್ಲಿನ ಅಂಗಳ, ಅದರಲ್ಲಿ ವಾಲಿಕೊಂಡ ಗೋರಿಕಲ್ಲುಗಳು, ಮಧ್ಯೆ ಕಣಜದ ಹಾಗೆ ಕಾಣುವ ಬೋಳು ಕಲ್ಲಿನ ಕಟ್ಟಡ. ಅಂಗಳ ದುಂಡಗಿರುವುದರಿಂದ ಕ್ರೈಸ್ತರು ಬರುವ ಮೊದಲೇ ಇದು ಪೂಜೆಯ ಜಾಗವಾಗಿದ್ದಿರಬಹುದು ಅನ್ನುವವರಿದ್ದಾರೆ. ಇರಬಹುದು. ನನಗೆ ಮಾತ್ರ ಆ ಮನೆಗಳು ಇಷ್ಟವಾದವು. ಚರ್ಚನ್ನು ಯಾರೂ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿಲ್ಲ. ಅಡುಗೆಮನೆಯ ಕಿಟಕಿಯಿಂದ ಕಾಣುವ ಹಾಗೆ ಅದು ಇದೆ.

ತಲೆಕೆಳಗಾದ ಕಲ್ಲು

ಒಳಗೆ ಹೋದಾಗ ಮೊದಲು ಗೊತ್ತಾಗುವುದು ಎತ್ತರ. ಒಳಗಿನ ಅಗಲ ಹದಿನಾಲ್ಕು ಅಡಿ ಚಿಲ್ಲರೆ, ನಮ್ಮ ಕಡೆಯ ಒಂದು ಸಾಧಾರಣ ಪಡಸಾಲೆಯಷ್ಟು. ಉದ್ದ ಸುಮಾರು 43 ಅಡಿ. ಆದರೆ ಗೋಡೆಗಳು ಆ ಅಗಲಕ್ಕೆ ಸ್ವಲ್ಪವೂ ಲೆಕ್ಕಕ್ಕೆ ಸಿಗದ ಹಾಗೆ ಮೇಲೆ ಮೇಲೆ ಹೋಗುತ್ತವೆ. ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿದ ಹಾಗೆ. ಮೊದಲ ಕಾಲದ ಕಿಟಕಿಗಳು ತೀರಾ ಸಣ್ಣವು, ಕೈಗೆಟುಕದಷ್ಟು ಮೇಲೆ ಇವೆ. ಹೊರಗಡೆ ಕಿರಿದು, ಒಳಗಡೆ ಅಗಲ. ಬರುವ ಒಂದಿಷ್ಟು ಬೆಳಕು ಒಳಗೆ ಹರಡಿಕೊಳ್ಳಲಿ ಅಂತ ಹಾಗೆ ಕೊರೆದಿದ್ದಾರೆ. ಆಮೇಲಿನ ಕಾಲದವರು ದೊಡ್ಡ ಕಿಟಕಿ ಒಡೆದಿದ್ದಾರೆ, ಬಾಗಿಲಿಗೆ ಮುಖಮಂಟಪ ಕಟ್ಟಿದ್ದಾರೆ. ಏನೂ ಬದಲಾಗಿಲ್ಲ ಅಂತಲ್ಲ. ಆದರೆ ಮೈ ಮಾತ್ರ ಅದೇ.

ಪೂರ್ವಕ್ಕೆ ನಮ್ಮ ಗರ್ಭಗುಡಿಯ ಹಾಗೆ ಇನ್ನೊಂದು ಪುಟ್ಟ ಕೋಣೆ. ಅಲ್ಲಿಗೆ ಹೋಗಲು ಒಂದು ಕಮಾನು. ಆ ಕಮಾನಿನ ಕೆಳಗೆ ನಾನು ತುಂಬಾ ಹೊತ್ತು ನಿಂತಿದ್ದೆ. ಎರಡೂ ಬದಿಯ ಕಂಬಗಳಲ್ಲಿ ಭಾರಿ ಕಲ್ಲುಗಳನ್ನು ಒಂದು ನಿಲ್ಲಿಸಿ, ಮುಂದಿನದನ್ನು ಮಲಗಿಸಿ, ಮತ್ತೊಂದನ್ನು ನಿಲ್ಲಿಸಿ ಜೋಡಿಸಿದ್ದಾರೆ. ಮಲಗಿದ ಕಲ್ಲು ಗೋಡೆಯ ಪೂರ್ತಿ ದಪ್ಪಕ್ಕೆ ಹಾದುಹೋಗಿ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಈ ಬಗೆಯ ಜೋಡಣೆಗೆ ಇಡೀ ಇಂಗ್ಲೆಂಡಿನಲ್ಲಿ ಈ ಸಣ್ಣ ಊರಿನ ಹೆಸರೇ ಬಿದ್ದಿದೆ, ಎಸ್ಕಂಬ್ ಶೈಲಿ ಅಂತ. ಕಮಾನಿನ ಕಲ್ಲುಗಳು ಮಾತ್ರ ಎಸ್ಕಂಬ್‌ನವಲ್ಲ. ನದಿಯ ಕೆಳಗಡೆ, ಕೆಲವೇ ಕಿಲೋಮೀಟರ್ ದೂರದಲ್ಲಿ ಬಿನ್‌ಚೆಸ್ಟರ್ ಎಂಬ ಜಾಗವಿದೆ. ರೋಮನ್ನರು ಅದನ್ನು ವಿನೋವಿಯಾ ಅನ್ನುತ್ತಿದ್ದರು. ಅಲ್ಲಿ ಅವರ ಸೈನ್ಯದ ಕೋಟೆ ಇತ್ತು. ಸುಮಾರು 410ರ ಹೊತ್ತಿಗೆ ರೋಮ್ ಬ್ರಿಟನ್ನಿನಿಂದ ಕೈ ಎತ್ತಿತು. ಕೋಟೆ ಪಾಳುಬಿತ್ತು. ಎರಡೂವರೆ ಶತಮಾನದ ಮೇಲೆ ಎಸ್ಕಂಬ್‌ನಲ್ಲಿ ಚರ್ಚು ಕಟ್ಟಲು ಹೊರಟವರು ಅಲ್ಲಿಗೆ ಹೋಗಿ ಕಲ್ಲು ಹೊತ್ತು ತಂದರು. ಈ ಕಮಾನೂ ಅಲ್ಲಿ ಒಮ್ಮೆ ನಿಂತಿದ್ದದ್ದೇ ಇರಬೇಕು, ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ ಎಂದು ತಿಳಿದವರು ಹೇಳುತ್ತಾರೆ.

ಹೊರಗೆ ಬಂದು ಗೋಡೆಯನ್ನು ಹತ್ತಿರದಿಂದ ನೋಡಿದರೆ ಅದು ಕಣ್ಣಿಗೇ ಕಾಣುತ್ತದೆ. ಕೆಲವು ಕಲ್ಲುಗಳ ಮೇಲೆ ಅಡ್ಡಡ್ಡ, ಓರೆ ಓರೆ ಉಳಿಯ ಗೀರುಗಳು, ಚಕ್ಕುಲಿ ಅಚ್ಚಿನಿಂದ ಒತ್ತಿದಷ್ಟು ಅಚ್ಚುಕಟ್ಟು. ಅದು ರೋಮನ್ ಕಲ್ಲುಕುಟಿಗರ ಕೈ. ಪಕ್ಕದ ಕಲ್ಲಿನಲ್ಲಿ ಆ ಗೀರು ಇಲ್ಲ. ಉತ್ತರದ ಗೋಡೆಯಲ್ಲಿ ಒಂದು ಕಲ್ಲಿದೆ, ಅದನ್ನು ಹುಡುಕಿಕೊಂಡೇ ನಾನು ಬಂದಿದ್ದೆ. ಅದರ ಮೇಲೆ ಎಲ್, ಇ, ಜಿ, ಆಮೇಲೆ ವಿ, ಐ ಅಂತ ಕೆತ್ತಿದೆ. ಅಂದರೆ ಆರನೇ ಪಡೆ. ಹಾಡ್ರಿಯನ್ ದೊರೆಯ ಕಾಲದಲ್ಲಿ, ಸುಮಾರು 122ರಲ್ಲಿ ಬ್ರಿಟನ್ನಿಗೆ ಬಂದು ಯಾರ್ಕಿನಲ್ಲಿ ಬೀಡುಬಿಟ್ಟ ಪಡೆ ಅದು. ತಾವು ಕಟ್ಟಿದ ಗೋಡೆಗೆ ಸೈನಿಕರು ತಮ್ಮ ಪಡೆಯ ಹೆಸರು ಹಾಕಿಕೊಳ್ಳುತ್ತಿದ್ದರು. ಆದರೆ ಎಸ್ಕಂಬ್‌ನಲ್ಲಿ ಆ ಕಲ್ಲನ್ನು ತಲೆಕೆಳಗಾಗಿ ಇಟ್ಟಿದ್ದಾರೆ. ಓದಲು ನಾನು ತಲೆ ಓರೆ ಮಾಡಿದೆ, ಆಗಲಿಲ್ಲ. ಫೋಟೋ ತೆಗೆದು ಫೋನನ್ನು ತಿರುಗಿಸಿದೆ. ತಿರುಗಿಸಿದಾಗೆಲ್ಲ ಫೋನು ಚಿತ್ರವನ್ನು ಮತ್ತೆ ತಿರುಗಿಸಿ ಮೊದಲಿನಂತೆ ಮಾಡುತ್ತಿತ್ತು. ಕೊನೆಗೆ ಸೆಟ್ಟಿಂಗ್ ಬದಲಾಯಿಸಿ ಓದಿದೆ. ಐದೇ ಅಕ್ಷರ. ವಿ ಅಕ್ಷರ ತಲೆಕೆಳಗಾಗಿ ಗುಡಿಸಲಿನ ಮಾಡಿನ ಹಾಗೆ ಕಾಣುತ್ತಿತ್ತು.

ಆ ಕಲ್ಲು ಇಟ್ಟವನಿಗೆ ಓದಲು ಬರುತ್ತಿರಲಿಲ್ಲವೇ? ಅಥವಾ ಬರುತ್ತಿದ್ದೂ, ಹೋದವರ ಹೆಸರು ಯಾವ ಕಡೆಗಿದ್ದರೇನು ಅಂತ ಇಟ್ಟನೇ? ಕಲ್ಲಿನ ಯಾವ ಮುಖ ಚೆನ್ನಾಗಿ ಕೂರುತ್ತದೋ ಹಾಗೆ ಇಟ್ಟಿರಬೇಕು. ಗಾರೆ ಕೆಲಸದವರನ್ನು ನೋಡಿದ್ದರೆ ಇದು ಗೊತ್ತಾಗುತ್ತದೆ. ಅವರ ಕಣ್ಣು ಅಕ್ಷರದ ಮೇಲಿರುವುದಿಲ್ಲ, ಮಟ್ಟದ ಮೇಲಿರುತ್ತದೆ.

ನಮ್ಮಜ್ಜಿಯ ಊರು ಶಿಕಾರಿಪುರದ ಕಡೆ. ಅವರ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಅಂಚಿನಲ್ಲಿ ಎರಡು ಸಾಲು ಹಳಗನ್ನಡದ ಅಕ್ಷರ. ಸೋಪಿನ ನೀರು ಹರಿದು ಹರಿದು ಅರ್ಧ ಸವೆದಿತ್ತು. ಅಜ್ಜಿ ಅದರ ಮೇಲೆ ನಲವತ್ತು ವರ್ಷ ಬಟ್ಟೆ ಒಗೆದಿದ್ದಾರೆ. 'ಏನೋ ಬರ್ದವ್ರೆ' ಅನ್ನುತ್ತಿದ್ದರು, ಅಷ್ಟೇ. ಚಿಕ್ಕವಯಸ್ಸಿನಲ್ಲಿ ನನಗೆ ಅದು ತಪ್ಪು ಅನ್ನಿಸುತ್ತಿತ್ತು. ಎಸ್ಕಂಬ್‌ನ ಗೋಡೆ ನೋಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ಒಗೆಯುವ ಕಲ್ಲಾಗಿ ಬಳಸಿದ್ದಕ್ಕೇ ಅದು ಒಡೆದು ಜಲ್ಲಿಯಾಗಲಿಲ್ಲ.

ಹೆಸರಿದ್ದದ್ದು, ಇಲ್ಲದ್ದು

ಈ ಚರ್ಚನ್ನು ಯಾರು ಕಟ್ಟಿಸಿದರು ಅನ್ನುವುದಕ್ಕೆ ದಾಖಲೆ ಇಲ್ಲ. ಕಟ್ಟಿದ ರೀತಿ ನೋಡಿ 675ರ ಆಸುಪಾಸು ಎಂದು ಅಂದಾಜು ಮಾಡುತ್ತಾರೆ. ನಮ್ಮ ಬಾದಾಮಿಯಲ್ಲಿ ಒಂದನೇ ವಿಕ್ರಮಾದಿತ್ಯ ಆಳುತ್ತಿದ್ದ ಕಾಲ. ಎಸ್ಕಂಬ್ ಸೇರಿದ್ದ ನಾರ್ಥಂಬ್ರಿಯಾ ರಾಜ್ಯದಲ್ಲಿ ಆಗ ಮನೆ, ಗುಡಿ ಬಹುಪಾಲು ಮರದ್ದೇ. ಕಲ್ಲಿನಲ್ಲಿ ಕಟ್ಟುವ ವಿದ್ಯೆ ಬಹುಮಟ್ಟಿಗೆ ಮರೆತುಹೋಗಿತ್ತು. 674ರಲ್ಲಿ ಬೆನೆಡಿಕ್ಟ್ ಬಿಸ್ಕಪ್ ಎಂಬ ಮಠಾಧಿಪತಿ ಮಂಕ್‌ವಿಯರ್‌ಮೌತ್‌ನಲ್ಲಿ ಮಠ ಕಟ್ಟಲು ಹೊರಟಾಗ, ರೋಮನ್ನರ ರೀತಿಯ ಕಟ್ಟಡವೇ ಬೇಕು ಅಂತ ಗಾಲ್ ದೇಶಕ್ಕೆ, ಅಂದರೆ ಇವತ್ತಿನ ಫ್ರಾನ್ಸಿಗೆ ಹೋಗಿ ಕಲ್ಲುಕೆಲಸದವರನ್ನು ಕರೆತಂದ. ಕಿಟಕಿಗೆ ಗಾಜು ಮಾಡಲು ಬರುವವರೂ ಇಲ್ಲಿರಲಿಲ್ಲ. ಅವರನ್ನೂ ಅಲ್ಲಿಂದಲೇ ತರಿಸಿದ. ಇದೆಲ್ಲ ನಮಗೆ ಗೊತ್ತಿರುವುದು ಅದೇ ಮಠದಲ್ಲಿ ಏಳನೇ ವಯಸ್ಸಿನಿಂದ ಬೆಳೆದ ಬೀಡ್ ಎಂಬ ಸನ್ಯಾಸಿ ಬರೆದಿಟ್ಟಿದ್ದರಿಂದ. ಆ ಕಾಲದ ಇಂಗ್ಲೆಂಡಿನ ಬಗ್ಗೆ ಅವನಷ್ಟು ಬರೆದವರು ಇನ್ನೊಬ್ಬರಿಲ್ಲ. ಎಸ್ಕಂಬ್ ಬಗ್ಗೆ ಮಾತ್ರ ಅವನು ಒಂದು ಸಾಲೂ ಬರೆದಿಲ್ಲ.

ಬೀಡ್ ಆಮೇಲೆ ಬಾಳಿದ ಜ್ಯಾರೋ ಮಠದ ಚರ್ಚಿಗೂ ನಾನು ಹೋಗಿದ್ದೆ, ಬೇರೊಂದು ದಿನ. ಅಲ್ಲಿ ಎಲ್ಲಕ್ಕೂ ಹೆಸರಿದೆ. ಚರ್ಚಿನ ಪ್ರತಿಷ್ಠೆಯ ಕಲ್ಲು ಇವತ್ತೂ ಇದೆ: 685ರ ಏಪ್ರಿಲ್ 23, ಎಗ್‌ಫ್ರಿತ್ ದೊರೆಯ ಹದಿನೈದನೇ ವರ್ಷ, ಕೆಯೊಲ್‌ಫ್ರಿತ್ ಮಠಾಧಿಪತಿಯ ನಾಲ್ಕನೇ ವರ್ಷ. ನಮ್ಮ ಶಾಸನಗಳ ಹಾಗೆಯೇ, ದಿನ ತಪ್ಪದೆ, ದೊರೆ ತಪ್ಪದೆ. ಆದರೆ ಕಟ್ಟಡ? ಪೂರ್ವದ ಸಣ್ಣ ಭಾಗ ಬಿಟ್ಟರೆ ಹಳೆಯದು ಹೋಗಿದೆ. ಇವತ್ತು ನಾವು ನಿಂತು ನೋಡುವ ದೊಡ್ಡ ಅಂಕಣ 1866ರದ್ದು. ಮಂಕ್‌ವಿಯರ್‌ಮೌತ್‌ನಲ್ಲಿ ಉಳಿದಿರುವುದು ಪಶ್ಚಿಮದ ಗೋಡೆ ಮತ್ತು ಗೋಪುರದ ಬುಡ. ಡರಂನಲ್ಲಿ, ರೋಮನ್ನರು ಹೋದ ಮೇಲೆ ಇಲ್ಲಿ ನೆಲೆಸಿದ ಸ್ಯಾಕ್ಸನ್ನರು ಕಟ್ಟಿದ್ದ ಚರ್ಚನ್ನು ಕೆಡವಿ 1093ರಲ್ಲಿ ಈಗಿನ ದೊಡ್ಡ ಕೆಥೀಡ್ರಲ್ ಶುರುಮಾಡಿದರು. ಹೆಸರು ಇದ್ದ ಕಡೆಗೆ ಯಾತ್ರಿಕರು ಬಂದರು, ದುಡ್ಡು ಬಂತು, ಇನ್ನೂ ದೊಡ್ಡದು ಬೇಕು ಅನ್ನಿಸಿತು, ಹಳೆಯದು ಬಿತ್ತು.

ಎಸ್ಕಂಬ್‌ಗೆ ಯಾರೂ ಬರಲಿಲ್ಲ. ಇಲ್ಲಿ ಸಂತನ ಮೂಳೆ ಇರಲಿಲ್ಲ, ಪವಾಡ ಇರಲಿಲ್ಲ. ಡರಂನ ಬಿಷಪ್ಪರ ಜಮೀನುಗಳಲ್ಲಿ ಅದೂ ಒಂದು ಊರು. 1183ರ ಬೋಲ್ಡನ್ ಬುಕ್ ಎಂಬ ಕಂದಾಯದ ಕಡತದಲ್ಲಿ ಅದರ ಹೆಸರು ಸಿಗುತ್ತದೆ, ಅಲ್ಲಿನ ರೈತರು ಬಿಷಪ್ಪರಿಗೆ ಏನೇನು ಸಲ್ಲಿಸಬೇಕು ಅನ್ನುವ ಲೆಕ್ಕದ ಜೊತೆ. ಉತ್ತು ಬಿತ್ತಿ ಸಲ್ಲಿಸುವವರ ಊರಿಗೆ ಚರ್ಚು ಒಡೆದು ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ತೂತು ಬಿದ್ದ ಕಡೆ ಹೆಂಚು ಹಾಕಿದರು, ಭಾನುವಾರ ಬಂದು ಕೂತರು, ಸತ್ತವರನ್ನು ಅಂಗಳದಲ್ಲಿ ಹೂಳಿದರು. ದಕ್ಷಿಣದ ಗೋಡೆಯ ಮೇಲೆ ಒಂದು ಬಿಸಿಲು ಗಡಿಯಾರ ಇದೆ. ಚರ್ಚಿನಷ್ಟೇ ಹಳೆಯದು. ಬ್ರಿಟನ್ನಿನಲ್ಲಿ ಇಟ್ಟ ಜಾಗದಲ್ಲೇ ಇರುವ ಬಿಸಿಲು ಗಡಿಯಾರಗಳಲ್ಲಿ ಇದೇ ಎಲ್ಲಕ್ಕಿಂತ ಹಳತು ಅನ್ನುತ್ತಾರೆ. ಅದರಲ್ಲಿ ಹನ್ನೆರಡು ಗೆರೆ ಇಲ್ಲ, ಬರೀ ಮೂರು. ದಿನದ ಮೂರು ಪ್ರಾರ್ಥನೆಯ ಹೊತ್ತು ಗೊತ್ತಾದರೆ ಸಾಕಿತ್ತು. ಸುತ್ತ ಹಾವಿನ ಕೆತ್ತನೆ ಇದೆ, ಮಳೆಗೆ ಸವೆದು ಮೆತ್ತಗಾಗಿದೆ. ನಾನು ಹೋದ ದಿನ ಮೋಡ ಕವಿದಿತ್ತು. ಯಾವ ಗೆರೆಯ ಮೇಲೂ ನೆರಳು ಬೀಳಲಿಲ್ಲ.

ಜೀರ್ಣೋದ್ಧಾರ

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಅಜ್ಜಿಯ ಊರಲ್ಲೊಂದು ಈಶ್ವರನ ಗುಡಿ ಇತ್ತು. ಸಣ್ಣದು, ನಾಲ್ಕು ಕಂಬದ್ದು, ಗಿಡ್ಡ ಬಾಗಿಲು. ಒಳಗೆ ಹೋಗಲು ದೊಡ್ಡವರು ತಲೆ ಬಗ್ಗಿಸಬೇಕಿತ್ತು, ನಾವು ಮಕ್ಕಳು ನೆಟ್ಟಗೇ ಹೋಗುತ್ತಿದ್ದೆವು. ಬೇಸಿಗೆಯಲ್ಲಿ ಆ ಕಂಬಕ್ಕೆ ಕೆನ್ನೆ ಒತ್ತಿ ಕೂತರೆ ಹಿತವಾಗಿರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಊರಿಂದ ಫೋನು ಬಂತು, ಗುಡಿ ಜೀರ್ಣೋದ್ಧಾರ ಮಾಡ್ತಿದೀವಿ, ಕೈಲಾದಷ್ಟು ಕೊಡಿ ಅಂತ. ಕೊಟ್ಟೆ. ಖುಷಿಯಿಂದಲೇ ಕೊಟ್ಟೆ. ಮುಂದಿನ ಸಲ ಊರಿಗೆ ಹೋದಾಗ ನೆಲಕ್ಕೆ ಹೊಳೆಯುವ ಗ್ರಾನೈಟು ಬಂದಿತ್ತು, ಗೋಡೆಗೆ ಟೈಲ್ಸ್ ಬಂದಿತ್ತು, ಬಾಗಿಲು ದೊಡ್ಡದಾಗಿತ್ತು. ನಾಲ್ಕು ಕಂಬಗಳಲ್ಲಿ ಎರಡು ಶಾಲೆಯ ಬಯಲಿನ ಅಂಚಿನಲ್ಲಿ ಬಿದ್ದಿದ್ದವು. ಇನ್ನೆರಡು ಎಲ್ಲಿ ಅಂತ ಯಾರಿಗೂ ನೆನಪಿರಲಿಲ್ಲ. ಊರವರಿಗೆ ಸಂತೋಷವಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಳೆಗಾಲದಲ್ಲಿ ಸೋರುತ್ತಿದ್ದ ಗುಡಿ ಈಗ ಸೋರುವುದಿಲ್ಲ. ವಯಸ್ಸಾದವರು ತಲೆ ಬಗ್ಗಿಸಿ ನಡು ಹಿಡಿಸಿಕೊಳ್ಳಬೇಕಿಲ್ಲ. ಆದರೆ ಆ ತಂಪು ಕಂಬ ಹೋಯಿತು. ಅದು ಹೋಗುವುದರಲ್ಲಿ ನನ್ನ ದುಡ್ಡೂ ಇತ್ತು.

ಎಸ್ಕಂಬ್‌ನಲ್ಲಿ ಬೆಂಚಿನ ಮೇಲೆ ಕೂತಾಗ ನನಗೆ ನೆನಪಾದದ್ದು ಇದೇ. ಈ ಊರಿಗೂ ಒಂದು ದಿನ ದುಡ್ಡು ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ಸುತ್ತಲೂ ಕಲ್ಲಿದ್ದಲು ತೆಗೆಯುವ ಗಣಿಗಳಾದವು. ಪಕ್ಕದ ವಿಟನ್ ಪಾರ್ಕ್‌ನಲ್ಲಿ 1846ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಜನ ತುಂಬಿದರು. ಹದಿನಾಲ್ಕು ಅಡಿ ಅಗಲದ ಚರ್ಚು ಯಾರಿಗೂ ಸಾಲದಾಯಿತು. ಕಿಟಕಿ ಒಡೆದು, ಗೋಡೆ ಕೆಡವಿ, ಪಕ್ಕಕ್ಕೆ ಒಂದೊಂದು ಅಂಕಣ ಸೇರಿಸುವುದು ಆ ಕಾಲದಲ್ಲಿ ದಿನಬೆಳಗಾದರೆ ನಡೆಯುತ್ತಿದ್ದ ಕೆಲಸ. ಇಲ್ಲಿಯೂ ಹಾಗೆ ಮಾಡಿದ್ದರೆ ಇವತ್ತು ಆ ಕಮಾನೊಂದು ಉಳಿದಿರುತ್ತಿತ್ತೋ ಏನೋ. ಆದರೆ ಎಸ್ಕಂಬ್‌ನವರು ಹಳೆಯದನ್ನು ಮುಟ್ಟಲಿಲ್ಲ. ಗುಡ್ಡದ ಮೇಲೆ ಹೊಸ ಚರ್ಚನ್ನೇ ಕಟ್ಟಿಕೊಂಡರು, 1863ರಲ್ಲಿ. ಹಳೆಯದಕ್ಕೆ ಬೀಗ ಬಿತ್ತು. ಹತ್ತು ಹನ್ನೆರಡು ವರ್ಷದಲ್ಲಿ ಚಾವಣಿ ಹಾಳಾಗಿ, ಮಳೆ ಒಳಗೆ ಬರತೊಡಗಿತು.

ಬಡತನ ಅದನ್ನು ಅಷ್ಟು ಕಾಲ ಕಾಪಾಡಿತು ಅಂತ ನಾನು ಇಲ್ಲಿಯವರೆಗೆ ಹೇಳುತ್ತಾ ಬಂದೆ. ಪೂರ್ತಿ ನಿಜ ಅಲ್ಲ ಅದು. ಸುಮ್ನೆ ಬಿಟ್ಟರೆ ಕಟ್ಟಡ ಉಳಿಯುವುದಿಲ್ಲ. ಸಾವಿರದ ಇನ್ನೂರು ವರ್ಷ ನಿಂತದ್ದು ಬೀಗ ಹಾಕಿದ ಹನ್ನೆರಡೇ ವರ್ಷದಲ್ಲಿ ಬೀಳಲು ಶುರುವಾಯಿತು. ಅಂದರೆ ಅಷ್ಟೂ ಕಾಲ ಯಾರೋ ಹೆಂಚು ಸರಿ ಮಾಡುತ್ತಿದ್ದರು, ಗಿಡ ಕೀಳುತ್ತಿದ್ದರು, ನೀರು ನಿಲ್ಲದ ಹಾಗೆ ನೋಡಿಕೊಳ್ಳುತ್ತಿದ್ದರು. ನಾನು ಹುಡುಕುತ್ತಿದ್ದವರು ಅವರೇ ಅಲ್ವಾ? ಚಾವಣಿಗೆ ಹತ್ತಿ ಎರಡು ಹೆಂಚು ಬದಲಾಯಿಸಿದವನ ಹೆಸರನ್ನು ಯಾರು ಬರೆದಿಡುತ್ತಾರೆ?

1875ರಿಂದ 1880ರವರೆಗೆ ಹಳೆಯ ಚರ್ಚನ್ನು ದುರಸ್ತಿ ಮಾಡಿದರು. ಆ ಹೊತ್ತಿಗೆ ಅದು ಎಷ್ಟು ಹಳೆಯದು ಅನ್ನುವುದು ತಿಳಿದವರ ಕಣ್ಣಿಗೆ ಬಿದ್ದಿತ್ತು. ಇದೇ ಐದು ವರ್ಷಗಳ ನಡುವೆ, 1877ರಲ್ಲಿ, ಲಂಡನ್ನಿನಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳನ್ನು ಕಾಪಾಡಲು ಒಂದು ಸಂಘ ಶುರುಮಾಡಿದ. ಜೀರ್ಣೋದ್ಧಾರದ ಹೆಸರಲ್ಲಿ ಹಳೆಯ ಚರ್ಚುಗಳನ್ನು ಕೆರೆದು, ಬೋಳಿಸಿ, ಹೊಸದು ಮಾಡುವುದನ್ನು ನೋಡಿ ಅವನಿಗೆ ತಡೆಯಲಾಗಿರಲಿಲ್ಲ. ಉದ್ಧಾರ ಬೇಡ, ಕಾಪಾಡಿ ಸಾಕು. ದಿನದಿನವೂ ನೋಡಿಕೊಳ್ಳಿ. ಸೋರುವ ಮಾಡನ್ನು ಸರಿಮಾಡಿ, ವಾಲಿದ ಗೋಡೆಗೆ ಆನಿಕೆ ಕೊಡಿ. ಆ ಸಂಘದ ಮೊದಲ ಹೇಳಿಕೆಯ ಸಾರ ಇದು. ಓದಿದಾಗ ಶಾಲೆಯ ಬಯಲಲ್ಲಿ ಬಿದ್ದಿದ್ದ ಎರಡು ಕಂಬ ಕಣ್ಣಮುಂದೆ ಬಂದವು. ಊರವರು ಕೇಳಿದ್ದು ಸೋರದ ಗುಡಿಯನ್ನು. ಅದಕ್ಕೆ ಎರಡು ಲೋಡು ಹೆಂಚು ಸಾಕಿತ್ತು. ನಾನು ದುಡ್ಡು ಕೊಡುವಾಗ ಒಂದು ಮಾತು ಕೇಳಬಹುದಿತ್ತು, ಏನು ಮಾಡ್ತೀರಿ ಅಂತ. ಕೇಳಲಿಲ್ಲ.

ಗುಡ್ಡದ ಮೇಲಿನದು

ಹೊಸ ಚರ್ಚಿನ ಕಥೆ ನನಗೆ ಮೊದಲ ಸಲ ಅಷ್ಟು ತಟ್ಟಲಿಲ್ಲ. 1863ರಲ್ಲಿ ಕಟ್ಟಿದರು, 1971ರಲ್ಲಿ ಕೆಡವಿದರು. ಎರಡು ಇಸವಿ, ಅಷ್ಟೇ. ಕಾರ್ಖಾನೆ 1884ರಲ್ಲೇ ಮುಚ್ಚಿತು. ಆಮೇಲೆ ಗಣಿಗಳೂ ಒಂದೊಂದಾಗಿ ಬಾಗಿಲು ಹಾಕಿದವು. 1951ರಲ್ಲಿ ಕೌಂಟಿಯ ಆಡಳಿತ 114 ಊರುಗಳನ್ನು 'ಡಿ' ವರ್ಗಕ್ಕೆ ಸೇರಿಸಿತು. ಇವಕ್ಕೆ ಇನ್ನು ಹೊಸ ಮನೆ ಇಲ್ಲ, ದುಡ್ಡು ಇಲ್ಲ, ಜನ ಬೇರೆ ಕಡೆ ಹೋಗಲಿ ಅನ್ನುವ ಲೆಕ್ಕ. ವಿಟನ್ ಪಾರ್ಕ್ ಆ ಪಟ್ಟಿಯಲ್ಲಿತ್ತು. ಬದುಕಿರುವ ಊರನ್ನೇ ಬೇಡ ಅಂದವರ ಕಾಲದಲ್ಲಿ ಗುಡ್ಡದ ಮೇಲಿನ ದೊಡ್ಡ ಚರ್ಚನ್ನು ಯಾರು ರಿಪೇರಿ ಮಾಡಿಸುತ್ತಾರೆ? ಜನ ಮತ್ತೆ ಕೆಳಗಿನ ಹಳೆಯ ಚರ್ಚಿಗೇ ಬಂದರು. ಇವತ್ತೂ ಅಲ್ಲೇ ಪ್ರಾರ್ಥನೆ ನಡೆಯುತ್ತದೆ.

ಎರಡನೇ ಸಲ ಹೋದಾಗ ಅಂಗಳದಲ್ಲಿ ಒಬ್ಬರು ಅಜ್ಜಿ ಇದ್ದರು. ಎಂಬತ್ತರ ಹತ್ತಿರದ ವಯಸ್ಸು. ಒಂದು ಗೋರಿಯ ಸುತ್ತ ಮಂಡಿಯೂರಿ ಕತ್ತರಿಯಿಂದ ಹುಲ್ಲು ಕತ್ತರಿಸುತ್ತಿದ್ದರು. ನಾನು ಬಾಗಿಲಿಗೆ ಬೀಗ ಹಾಕಿ ಬರುತ್ತಿದ್ದೆ. ಹೇಗಿತ್ತು ಅಂತ ಕೇಳಿದರು. ತುಂಬಾ ಚೆನ್ನಾಗಿದೆ, ಎರಡನೇ ಸಲ ಬಂದಿದ್ದೀನಿ ಅಂದೆ. ಎಲ್ಲಿಂದ ಬಂದೆ ಅಂತ ಕೇಳಿದರು, ಹೇಳಿದೆ. ಅಷ್ಟು ದೂರದಿಂದಲಾ ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಎಲ್ಲರೂ ಇದನ್ನ ನೋಡೋಕೆ ಬರ್ತಾರೆ. ನನ್ನ ಮದುವೆ ಆಗಿದ್ದು ಮೇಲಿನದರಲ್ಲಿ' ಅಂದರು.

ನಾನು ಎಲ್ಲಿತ್ತು ಅದು ಅಂದೆ. ಕತ್ತರಿ ಹಿಡಿದ ಕೈಯಿಂದಲೇ ಗುಡ್ಡದ ಕಡೆ ತೋರಿಸಿದರು. ಆ ದಿನ ಸಿಕ್ಕಾಪಟ್ಟೆ ಗಾಳಿ ಇತ್ತಂತೆ. ಬಾಗಿಲಿಂದ ಹೊರಗೆ ಬಂದ ತಕ್ಷಣ ಮುಖದ ಪರದೆ ಹಾರಿ ಅವರ ಅಪ್ಪನ ಟೋಪಿಗೆ ಸಿಕ್ಕಿಕೊಂಡಿತಂತೆ. ಬಿಡಿಸಲು ಮೂರು ಜನ ಬೇಕಾಯಿತಂತೆ. ಅವರ ಅಣ್ಣನ ನಾಮಕರಣವೂ ಅಲ್ಲೇ ಆಗಿತ್ತು, ತಾಯಿಯ ಕೊನೆಯ ಪ್ರಾರ್ಥನೆಯೂ ಅಲ್ಲೇ. 'ಹಳೇದಲ್ಲ ಅದು, ಅದಕ್ಕೇ ಯಾರೂ ಕೇಳಲ್ಲ' ಅಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಕೆಡವಿದ ದಿನ ನೋಡೋಕೆ ಹೋಗಿದ್ರಾ ಅಂತ ಕೇಳಿದೆ. ಇಲ್ಲ, ಮನೆಯಲ್ಲೇ ಇದ್ದೆ, ಸದ್ದು ಮಾತ್ರ ಕೇಳಿಸ್ತಿತ್ತು ಅಂದರು.

ಆಮೇಲೆ ಅವರು ಮಂಡಿ ಒರೆಸಿಕೊಂಡು ಎದ್ದರು. ಕೈ ಚಾಚಿ, 'ಕೊಡು, ನಾನು ಆ ಕಡೆಗೇ ಹೋಗ್ತಿದೀನಿ, ನೇತುಹಾಕ್ತೀನಿ' ಅಂದರು. ಬೀಗದ ಕೈ ಕೊಟ್ಟೆ. ರಸ್ತೆ ದಾಟಿ, ಆ ಮನೆಯ ಗೋಡೆಯ ಹತ್ತಿರ ನಿಂತು, ಕಣ್ಣಿಂದ ನೋಡದೆಯೇ ಕೊಕ್ಕೆಗೆ ಹಾಕಿದರು.